ಕೊಜುಮೆಲ್‌ನಲ್ಲಿ ಒಂದು ದಿನ: ಹಡಗಿನ ಟೈಮು ಬೇರೆ, ದ್ವೀಪದ ಟೈಮು ಬೇರೆ

ಪ್ರಶ್ನೆ: ಜುಲೈ ಮೂರನೇ ವಾರ ಮಯಾಮಿಯಿಂದ ಕ್ರೂಸ್ ಹೋಗ್ತಿದೀವಿ. ಒಂದು ದಿನ ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಹಡಗು ನಿಲ್ಲತ್ತೆ, ಬೆಳಿಗ್ಗೆ 8ರಿಂದ ಸಂಜೆ 5 ಅಂತ ಹಾಕಿದಾರೆ. ನಾನು, ಹೆಂಡತಿ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು, 68 ವರ್ಷದ ಅಮ್ಮ, ಒಟ್ಟು ಐದು ಜನ. ಅಮ್ಮನಿಗೆ ಮಂಡಿ ನೋವು, ನಡೀತಾರೆ, ಆದ್ರೆ ಮೆಟ್ಟಿಲು ಕಷ್ಟ. ಎಲ್ರೂ ಸಸ್ಯಾಹಾರಿಗಳು. ಹಡಗಿನವರ ಟೂರು ಐದು ಜನಕ್ಕೆ ಲೆಕ್ಕ ಹಾಕಿದ್ರೆ ತಲೆ ತಿರುಗತ್ತೆ, ನಾವೇ ಸ್ವಂತ ಸುತ್ತಬಹುದಾ? ತುಲುಮ್‌ನ ಮಾಯಾ ಅನ್ನೋ ಹಳೇ ನಾಗರಿಕತೆಯ ದೇವಸ್ಥಾನ ನೋಡ್ಬೇಕು ಅಂತ ಆಸೆ, ಮಕ್ಕಳಿಗೆ ಸಮುದ್ರದೊಳಗಿನ ಮೀನು ನೋಡ್ಬೇಕು. ಹಡಗು ನಮ್ಮನ್ನ ಬಿಟ್ಟು ಹೋದ್ರೆ ಅನ್ನೋ ಭಯಾನೂ ಇದೆ.

ಉತ್ತರ: ಮೊದಲು ಕೆಟ್ಟ ಸುದ್ದಿ ಹೇಳಿಬಿಡ್ತೀನಿ, ತುಲುಮ್ ಈ ಸಲ ಬಿಟ್ಬಿಡಿ. ಒಳ್ಳೇ ಸುದ್ದಿ ಏನಂದ್ರೆ ಮಾಯಾ ದೇವಸ್ಥಾನಾನೂ ಮೀನೂ ಎರಡೂ ಕೊಜುಮೆಲ್ ದ್ವೀಪದಲ್ಲೇ ಇವೆ, ಸಮುದ್ರ ದಾಟೋ ಅಗತ್ಯಾನೇ ಇಲ್ಲ, ಮತ್ತೆ ದ್ವೀಪದೊಳಗೇ ಇರೋದಾದ್ರೆ ಸ್ವಂತ ಸುತ್ತೋದಕ್ಕೆ ಏನೂ ಭಯ ಪಡಬೇಕಿಲ್ಲ. ನಾನು ಬಹಳ ವರ್ಷ ಹಡಗುಗಳಲ್ಲಿ ಟೂರ್ ಮಾರೋ ಡೆಸ್ಕಿನ ಹಿಂದೆ ಕೂತಿದ್ದೋನು, ಅಂದ್ರೆ ನಿಮಗೆ ತಲೆ ತಿರುಗಿಸಿದ ಆ ರೇಟುಗಳನ್ನ ನಗುನಗ್ತಾ ಹೇಳ್ತಿದ್ದೋನು, ಹಾಗಾಗಿ ಎಲ್ಲಿ ಆ ದುಡ್ಡು ಕೊಡೋದು ನ್ಯಾಯ ಎಲ್ಲಿ ದಂಡ ಅಂತ ಸ್ವಲ್ಪ ಗೊತ್ತು.

ತುಲುಮ್ ಯಾಕೆ ಬೇಡ ಅಂತೀನಿ ನೋಡಿ. ಕೊಜುಮೆಲ್ ದ್ವೀಪ, ತುಲುಮ್ ಇರೋದು ಆಚೆ ಮುಖ್ಯಭೂಮೀಲಿ. ಹಡಗು 8ಕ್ಕೆ ನಿಲ್ಲತ್ತೆ ಅಂದ್ರೆ ನೀವು 8ಕ್ಕೆ ಇಳೀತೀರಿ ಅಂತಲ್ಲ, ಹಗ್ಗ ಕಟ್ಟಿ, ಅಲ್ಲಿನ ಅಧಿಕಾರಿಗಳು ಪೇಪರ್ ನೋಡಿ ಬಿಡೋವರೆಗೂ ಯಾರೂ ಇಳಿಯೋ ಹಾಗಿಲ್ಲ, ಆಮೇಲೆ ಮೂರ್ನಾಲ್ಕು ಸಾವಿರ ಜನ ಒಂದೇ ಬಾಗಿಲಲ್ಲಿ ಇಳೀಬೇಕು. ಕಾಲು ನೆಲಕ್ಕೆ ಇಡೋ ಹೊತ್ತಿಗೆ 8.30 ದಾಟಿರತ್ತೆ. ಅಲ್ಲಿಂದ ಟ್ಯಾಕ್ಸೀಲಿ ಊರಿನ ಫೆರಿ ಹತ್ರ ಹೋಗಿ, ಟಿಕೆಟ್ ತಗೊಂಡು, ಮುಂದಿನ ಫೆರಿ ಬರೋವರೆಗೆ ಕಾದು, ಆಚೆ ದಡದ ಊರು ಪ್ಲಾಯಾ ದೆಲ್ ಕಾರ್ಮೆನ್‌ಗೆ ಸುಮಾರು 45 ನಿಮಿಷ, ಮಧ್ಯದ ಸಮುದ್ರದಲ್ಲಿ ಅಲೆ ಇದ್ರೆ ಹೊಟ್ಟೆಯೊಳಗಿನ ತಿಂಡಿ ಎಲ್ಲಾ ಬಾಯಿಗೆ ಬರತ್ತೆ, ಆಮೇಲೆ ರಸ್ತೇಲಿ 60 ಕಿಲೋಮೀಟರಿಗಿಂತ ಜಾಸ್ತಿ, ಸುಮಾರು ಒಂದು ಗಂಟೆ, ಗಾಡಿ ನಿಲ್ಲಿಸಿದ ಮೇಲೆ ಬಿಸಿಲಲ್ಲಿ ನಡಿಗೆ. ಇಷ್ಟನ್ನೂ ವಾಪಸ್ ಬರುವಾಗ ಇನ್ನೊಂದು ಸಲ ಮಾಡ್ಬೇಕು. ಐದು ಗಂಟೆ ಓಡಾಟ, ಒಂದೂವರೆ ಗಂಟೆ ನೋಡೋದು, ಅದರಲ್ಲಿ ಅರ್ಧ ಗಂಟೆ 6 ವರ್ಷದ ಮಗುಗೆ ಟಾಯ್ಲೆಟ್ ಹುಡುಕೋದು. ಮೂಗಿಗಿಂತ ಮೂಗುತಿ ಭಾರ. ಇನ್ನೊಂದು ಪ್ರಸಿದ್ಧ ಮಾಯಾ ಜಾಗ ಚಿಚೆನ್ ಇಟ್ಸಾ ಇನ್ನೂ ದೂರ, ಅದರ ಮಾತೇ ಬೇಡ.

ಇಲ್ಲ, ತುಲುಮ್ ನೋಡಿಯೇ ತೀರ್ಬೇಕು ಅಂತ ಹಠ ಇದ್ರೆ ಆ ಒಂದಕ್ಕೆ ಮಾತ್ರ ಹಡಗಿನವರ ಟೂರೇ ತಗೊಳ್ಳಿ, ದುಡ್ಡು ಜಾಸ್ತಿಯಾದ್ರೂ. ಯಾಕಂದ್ರೆ ಅವರ ಟೂರಿನ ಬಸ್ಸು ಲೇಟಾದ್ರೆ ಹಡಗು ಸಾಮಾನ್ಯವಾಗಿ ಕಾಯತ್ತೆ, ಕಾಯೋಕೆ ಆಗ್ಲಿಲ್ಲ ಅಂದ್ರೂ ಮುಂದಿನ ಬಂದರಿಗೆ ಅವರೇ ಕರ್ಕೊಂಡ್ ಹೋಗ್ತಾರೆ. ನೀವು ಕೊಡೋ ಹೆಚ್ಚಿನ ದುಡ್ಡು ಗೈಡಿಗಲ್ಲ, ಊಟಕ್ಕಲ್ಲ, ಈ ಗ್ಯಾರಂಟಿಗೆ. ಫೆರಿ ಕೆಡೋ ಸಾಧ್ಯತೆ ಇರೋ ದಾರಿಗೆ ಆ ಗ್ಯಾರಂಟಿ ಬೇಕು. ದ್ವೀಪದೊಳಗೇ 20 ನಿಮಿಷದ ಟ್ಯಾಕ್ಸಿ ದಾರಿಗೆ ಅದು ಯಾಕೆ?

ಈಗ ನಿಜವಾದ ವಿಷಯಕ್ಕೆ ಬರ್ತೀನಿ, ಅದು ಗಡಿಯಾರ. ನೀವು ಜುಲೈಯಲ್ಲಿ ಮಯಾಮಿಯಿಂದ ಹೊರಡ್ತಿದೀರಿ ಅಂದಿದ್ದಕ್ಕೆ ಇದನ್ನ ಉದ್ದ ಬರೀತಿದೀನಿ, ಬೇರೆ ಏನು ಮರೆತರೂ ಇದನ್ನ ಮರೀಬೇಡಿ. ಕೊಜುಮೆಲ್ ಇರೋ ಕಿಂತಾನಾ ರೋ ರಾಜ್ಯ 2015ರ ಫೆಬ್ರವರೀಲಿ ತನ್ನ ಟೈಮ್ ಜೋನ್ ಬದಲಾಯಿಸ್ತು, ಅವತ್ತಿಂದ ವರ್ಷಪೂರ್ತಿ ಒಂದೇ ಟೈಮು, ಬೇಸಿಗೇಲಿ ಗಡಿಯಾರ ಮುಂದೆ ತಿರುಗಿಸೋ ಅಭ್ಯಾಸ ಅಲ್ಲಿಲ್ಲ. ಮಯಾಮೀಲಿ ತಿರುಗಿಸ್ತಾರೆ. ಅಂದ್ರೆ ಚಳಿಗಾಲದಲ್ಲಿ ಎರಡೂ ಕಡೆ ಒಂದೇ ಟೈಮು, ಅಲ್ಲಿನ ಬೇಸಿಗೇಲಿ, ಅಂದ್ರೆ ನೀವು ಹೋಗೋ ಜುಲೈಯಲ್ಲೂ, ಕೊಜುಮೆಲ್ ಒಂದು ಗಂಟೆ ಹಿಂದೆ. ತುಂಬಾ ಹಡಗುಗಳು ಪ್ರಯಾಣ ಪೂರ್ತಿ ಮಯಾಮಿ ಟೈಮನ್ನೇ ಇಟ್ಕೊಳ್ತವೆ, ಕೆಲವು ದ್ವೀಪದ ಟೈಮಿಗೆ ಬದಲಾಯಿಸ್ತವೆ, ಹಿಂದಿನ ರಾತ್ರಿ ರೂಮಿಗೆ ಬರೋ ದಿನಚರಿ ಹಾಳೇಲೋ ಆ್ಯಪಲ್ಲೋ ಹಾಕಿರ್ತಾರೆ, ಅರ್ಥ ಆಗ್ಲಿಲ್ಲ ಅಂದ್ರೆ ಕೌಂಟರಿಗೆ ಹೋಗಿ ಬಾಯಿಬಿಟ್ಟು ಕೇಳಿ.

ಹಡಗು ಮಯಾಮಿ ಟೈಮಲ್ಲೇ ಇದೆ ಅಂತಿಟ್ಕೊಳ್ಳಿ. ನೀವು ದ್ವೀಪಕ್ಕೆ ಇಳಿದ ತಕ್ಷಣ ಫೋನು ಅಲ್ಲಿನ ಟವರ್ ಹಿಡಿದು, ನಿಮಗೆ ಒಂದು ಮಾತೂ ಹೇಳದೆ, ಒಂದು ಗಂಟೆ ಹಿಂದಕ್ಕೆ ಹೋಗತ್ತೆ. 5ಕ್ಕೆ ಹೊರಡೋ ಹಡಗಿಗೆ 4.30ಕ್ಕೆ ಎಲ್ರೂ ಒಳಗಿರ್ಬೇಕು ಅಂತ ಸಾಮಾನ್ಯವಾಗಿ ಇರತ್ತೆ. ಆ 4.30 ನಿಮ್ಮ ಫೋನಲ್ಲಿ 3.30. ನೀವು ಫೋನ್ ನೋಡ್ಕೊಂಡು ಇನ್ನೂ ಒಂದು ಗಂಟೆ ಇದೆ ಅಂತ ಐಸ್‌ಕ್ರೀಮ್ ತಿಂತಾ ಕೂತಿರ್ತೀರಿ, ಅಲ್ಲಿ ಹಗ್ಗ ಬಿಚ್ತಿರ್ತಾರೆ. ನಾನು ಸುಮ್ನೆ ಹೇಳ್ತಿಲ್ಲ, ಒಂದು ಸಲ ಸಂಜೆ ಹಡಗು ಕಟ್ಟೋ ಕಟ್ಟೆ ಮೇಲೆ ನಮ್ಮ ಡೆಸ್ಕು ಮಡಚಿ ಒಳಗೆ ಹೋಗೋ ಹೊತ್ತಲ್ಲಿ ಒಂದು ಜೋಡಿ ಬರಲೇ ಇಲ್ಲ, ಕೊನೆಗೆ ಸೆಕ್ಯುರಿಟಿಯವರು ಅವರ ರೂಮಿನ ಲಾಕರ್ ತೆಗೆದು ಪಾಸ್‌ಪೋರ್ಟು, ಮಾತ್ರೆ ಡಬ್ಬಿ ಎಲ್ಲಾ ಒಂದು ಕವರಿಗೆ ಹಾಕಿ ಕೆಳಗಿದ್ದ ಬಂದರು ಏಜೆಂಟ್, ಅಂದ್ರೆ ಅಲ್ಲಿ ಹಡಗಿನವರ ಕೆಲಸ ನೋಡ್ಕೊಳ್ಳೋರ ಕೈಗೆ ಕೊಟ್ರು, ಹಡಗು ಹೊರಟು ನೂರಿನ್ನೂರು ಅಡಿ ಹೋಗಿರಬಹುದು ಅಷ್ಟರಲ್ಲಿ ಆ ಇಬ್ಬರು ಕಟ್ಟೆ ತುದೀಲಿ ಆರಾಮಾಗಿ ನಡ್ಕೊಂಡ್ ಬರ್ತಿದಾರೆ, ಓಡ್ತಾನೂ ಇಲ್ಲ, ಅವರ ಲೆಕ್ಕದಲ್ಲಿ ಇನ್ನೂ ಮುಕ್ಕಾಲು ಗಂಟೆ ಇತ್ತು. ಹಡಗು ಕದಲ್ತಾ ಇರೋದು ಕಂಡಾಗ ಅವರ ನಡಿಗೆ ನಿಂತಿದ್ದು ಇನ್ನೂ ಕಣ್ಣಲ್ಲಿದೆ.

ಹಾಗಾಗಿ ಒಂದು ಹಳೇ ಕೈಗಡಿಯಾರ, ಮುಳ್ಳು ತಿರುಗೋದು, ತಾನಾಗೇ ಬುದ್ಧಿವಂತಿಕೆ ತೋರಿಸದೇ ಇರೋದು, ಅದನ್ನ ಹಡಗಿನ ಟೈಮಿಗೆ ಇಟ್ಟು ನಿಮ್ಮ ಹೆಂಡತಿ ಕೈಗೆ ಕಟ್ಟಿ. ನಿಮ್ಮ ಕೈಗಲ್ಲ. ಪ್ಲ್ಯಾನ್ ಮಾಡೋರೇ ಟೈಮು ನೋಡೋರೂ ಆದ್ರೆ ಇನ್ನೊಂದು ಹತ್ತು ನಿಮಿಷ ಅಂತ ತಮಗೆ ತಾವೇ ರಿಯಾಯ್ತಿ ಕೊಟ್ಕೊಳ್ತಾರೆ, ನಾನು ನೋಡಿದೀನಿ. ಫೋನಲ್ಲಿ ಟೈಮ್ ಆಟೋಮ್ಯಾಟಿಕ್ ಅನ್ನೋದನ್ನ ಆಫ್ ಮಾಡಿ ಮಯಾಮಿ ಟೈಮು ಕೈಯಾರೆ ಹಾಕಿಟ್ಕೊಂಡ್ರೂ ಸರಿ.

ಇಲ್ಲಿ ಒಂದು ಕಥೆ ನೆನಪಾಗತ್ತೆ. 1519ರಲ್ಲಿ ಸ್ಪೇನಿನ ದಂಡನಾಯಕ ಎರ್ನಾನ್ ಕೊರ್ತೆಸ್ ಮೆಕ್ಸಿಕೋ ಕಡೆ ಹೋಗ್ತಾ ಮೊದಲು ನಿಂತಿದ್ದು ಇದೇ ಕೊಜುಮೆಲ್‌ನಲ್ಲಿ. ಎಂಟು ವರ್ಷ ಹಿಂದೆ, 1511ರಲ್ಲಿ, ಹಡಗು ಒಡೆದು ಮಾಯಾ ಜನರ ಕೈಗೆ ಸಿಕ್ಕಿದ್ದ ಹೆರೋನಿಮೊ ದೆ ಆಗಿಲಾರ್ ಅನ್ನೋ ಸ್ಪೇನಿನವನು ಆಚೆ ದಡದಲ್ಲಿದಾನೆ ಅಂತ ಗೊತ್ತಾಗಿ ಕೊರ್ತೆಸ್ ಹೇಳಿ ಕಳಿಸ್ದ, ಕಾದ, ಅವನು ಬರಲಿಲ್ಲ, ಕೊರ್ತೆಸ್ ಹೊರಟೇಬಿಟ್ಟ. ಆಗ ಅವರದೊಂದು ಹಡಗಿಗೆ ನೀರು ನುಗ್ಗಿ ಇಡೀ ಗುಂಪು ಕೊಜುಮೆಲ್‌ಗೇ ವಾಪಸ್ ಬಂತು, ಅಷ್ಟರಲ್ಲಿ ಆಗಿಲಾರ್ ದೋಣೀಲಿ ಬಂದು ಸೇರ್ಕೊಂಡ, ಆಮೇಲೆ ಕೊರ್ತೆಸ್‌ಗೆ ದುಭಾಷಿ ಆದ. ಹಡಗು ತಪ್ಪಿಸ್ಕೊಂಡೋನಿಗೆ ಹಡಗೇ ತಿರುಗಿ ಬಂದ ಪುಣ್ಯ ಅದು. ಈಗಿನ ಹಡಗುಗಳು ಗಟ್ಟಿ, ವಾಪಸ್ ಬರಲ್ಲ.

ಇನ್ನು ದ್ವೀಪದ ಮೈ ಹೇಗಿದೆ ಅಂತ ತಿಳ್ಕೊಂಡ್ರೆ ಎಲ್ಲಿಗೆ ಹೋಗ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ. ಉತ್ತರದಿಂದ ದಕ್ಷಿಣಕ್ಕೆ ಹೆಚ್ಚುಕಮ್ಮಿ 48 ಕಿಲೋಮೀಟರ್ ಉದ್ದ, 16 ಕಿಲೋಮೀಟರ್ ಅಗಲ. ದೊಡ್ಡ ಊರು ಅಂತ ಇರೋದು ಒಂದೇ, ಸಾನ್ ಮಿಗೆಲ್, ಪಶ್ಚಿಮ ದಡದಲ್ಲಿ. ಹಡಗು ಕಟ್ಟೋ ಕಟ್ಟೆ ಮೂರು, ಮೂರೂ ಪಶ್ಚಿಮದಲ್ಲೇ: ಪುಂಟಾ ಲಾಂಗೋಸ್ತಾ ಊರೊಳಗೇ ಇದೆ, ಇಂಟರ್‌ನ್ಯಾಷನಲ್ ಪಿಯರ್ ಮತ್ತೆ ಪ್ಯುಯೆರ್ತಾ ಮಾಯಾ ಊರಿಂದ ನಾಲ್ಕೈದು ಕಿಲೋಮೀಟರ್ ದಕ್ಷಿಣಕ್ಕೆ ಅಕ್ಕಪಕ್ಕ ಇವೆ. ನಿಮ್ಮ ಹಡಗು ಯಾವುದಕ್ಕೆ ಅಂತ ಮೊದಲೇ ಕೇಳಿಟ್ಕೊಳ್ಳಿ, ವಾಪಸ್ ಬರುವಾಗ ಟ್ಯಾಕ್ಸಿಯವರಿಗೆ ಕಟ್ಟೆ ಹೆಸರೇ ಹೇಳ್ಬೇಕು, ಹಡಗಿನ ಹೆಸರು ಹೇಳಿದ್ರೆ ಅವರಿಗೇನು ಗೊತ್ತು. ಒಂದೇ ದಿನ ಆರೇಳು ಹಡಗು ನಿಂತಿರೋದೂ ಉಂಟು, ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಕ್ರೂಸ್ ಪ್ರಯಾಣಿಕರು ಬಂದು ಹೋಗೋ ಜಾಗ ಅದು.

ಗಾಳಿ ವರ್ಷದ ಬಹುಪಾಲು ಪೂರ್ವದಿಂದ ಬೀಸತ್ತೆ. ಅದಕ್ಕೇ ಪೂರ್ವ ದಡ ಯಾವಾಗ್ಲೂ ಅಬ್ಬರ, ಫೋಟೋಗೆ ಚೆಂದ, ನೀರಿಗಿಳಿದ್ರೆ ಒಳಕ್ಕೆಳ್ಕೊಂಡ್ ಹೋಗೋ ಸೆಳೆತ, ಕಾವಲು ಕಾಯೋರು ಇರ್ತಾರೆ ಅಂತ ನಂಬ್ಕೊಂಡು ಇಳಿಯೋ ಜಾಗ ಅಲ್ಲ. ಪಶ್ಚಿಮ ದಡ ಗಾಳಿಯ ಮರೆಯಲ್ಲಿರೋದ್ರಿಂದ ಕೆರೆ ಥರ. ಇನ್ನೊಂದು ವಿಷಯ, ಜುಲೈ ಅಂದ್ರೆ ಸರ್ಗಾಸಮ್ ಕಾಲ, ಕಂದು ಬಣ್ಣದ ಕಡಲಕಳೆ, 2011ರಿಂದ ಈಚೆಗೆ ಅಟ್ಲಾಂಟಿಕ್‌ನಿಂದ ರಾಶಿರಾಶಿ ತೇಲಿ ಬಂದು ಕೆರಿಬಿಯನ್ ದಡಗಳಿಗೆ ಬೀಳ್ತಾ ಇದೆ, ಕೊಳೆತ್ರೆ ಕೆಟ್ಟ ಮೊಟ್ಟೆ ವಾಸನೆ. ಅದೂ ಬಡಿಯೋದು ಹೆಚ್ಚಾಗಿ ಪೂರ್ವಕ್ಕೇ. ಹಾಗಾಗಿ ಮಕ್ಕಳ ಜೊತೆ ನೀರು ಅಂದ್ರೆ ಪಶ್ಚಿಮ, ಇನ್ನು ಯೋಚನೆ ಬೇಡ. ಜೀಪು ತಗೊಂಡು ದ್ವೀಪ ಸುತ್ತೋದು, ಪೂರ್ವದ ಚೆನ್ ರಿಯೋ ಬೀಚಲ್ಲಿ ಬಂಡೆಗಳ ಮರೆಯಲ್ಲಿ ಕೂರೋದು ಎಲ್ಲಾ ಚೆನ್ನಾಗಿರತ್ತೆ, ಆದ್ರೆ ಅದು ಇಬ್ಬರೇ ಹೋದಾಗ. ಸ್ಕೂಟರ್ ಬಾಡಿಗೆ ಮಾತ್ರ ಯಾರು ಎಷ್ಟು ಕಮ್ಮಿಗೆ ಕೊಟ್ರೂ ಬೇಡ, ಕೈಕಾಲಿಗೆ ಬ್ಯಾಂಡೇಜ್ ಸುತ್ಕೊಂಡು ಹಡಗು ಹತ್ತಿದೋರನ್ನ ನಾನು ಲೆಕ್ಕ ಇಡೋದು ಬಿಟ್ಟು ತುಂಬಾ ವರ್ಷ ಆಯ್ತು.

ಸರಿ, ನಾನು ನಿಮ್ಮ ಜಾಗದಲ್ಲಿದ್ರೆ ಏನ್ ಮಾಡ್ತಿದ್ದೆ ಅಂದ್ರೆ, ಬೆಳಿಗ್ಗೆ ಸಾನ್ ಹೆರ್ವಾಸಿಯೋ, ಆಮೇಲೆ ಚಾಂಕಾನಾಬ್, ಅಷ್ಟೇ. ಮೂರನೇದು ಸೇರಿಸ್ಬೇಡಿ.

ಸಾನ್ ಹೆರ್ವಾಸಿಯೋ ದ್ವೀಪದ ಮಧ್ಯದ ಕಾಡಲ್ಲಿರೋ ಮಾಯಾ ಅವಶೇಷ. ಎತ್ತರದ ಪಿರಮಿಡ್ ನಿರೀಕ್ಷೆ ಇಟ್ಕೊಂಡ್ ಹೋದ್ರೆ ಇಷ್ಟೇನಾ ಅನ್ಸತ್ತೆ, ಸಣ್ಣ ಸಣ್ಣ ಕಟ್ಟಡಗಳು, ಸೊಂಟದೆತ್ತರದ ಬಾಗಿಲುಗಳು, ಒಂದು ಗೋಡೆ ಮೇಲೆ ಕೆಂಪು ಕೈಗುರುತುಗಳು, ಮಧ್ಯೆ ಕಾಡೊಳಗೆ ಹೋಗೋ ಬಿಳಿ ಕಲ್ಲಿನ ಹಳೇ ರಸ್ತೆ. ಆದ್ರೆ ಇದು ಇಶ್‌ಚೆಲ್ ಅನ್ನೋ ದೇವತೆಯ ಕ್ಷೇತ್ರ, ಹೆರಿಗೆ, ಫಲವಂತಿಕೆ, ಔಷಧಿಯ ದೇವತೆ, ಮುಖ್ಯಭೂಮಿಯ ಹೆಂಗಸರು ಸಮುದ್ರ ದಾಟಿ ಸಣ್ಣ ದೋಣೀಲಿ ಇಲ್ಲಿಗೆ ಯಾತ್ರೆ ಬರ್ತಿದ್ರು ಅಂತ ಹೇಳ್ತಾರೆ. ಇದನ್ನ ನಿಮ್ಮ ಅಮ್ಮನಿಗೆ ಮೊದಲೇ ಹೇಳಿ ಕರ್ಕೊಂಡ್ ಹೋಗಿ, ಅವರು ನೋಡೋ ಕಣ್ಣೇ ಬೇರೆ ಆಗತ್ತೆ. ಮೆಟ್ಟಿಲು ಹತ್ತೋದು ಇಲ್ಲ, ಕಟ್ಟಡಗಳ ಮೇಲೆ ಹತ್ತೋಕೆ ಬಿಡೋದೂ ಇಲ್ಲ, ನೆಲ ಮಾತ್ರ ಅಲ್ಲಲ್ಲಿ ಏರುತಗ್ಗು, ಚಪ್ಪಲಿ ಬೇಡ ಶೂ ಹಾಕಿಸಿ. ಎಲ್ಲಾ ನೋಡ್ಲೇಬೇಕು ಅಂತಿಲ್ಲ, ಹತ್ತಿರದ ಕಟ್ಟಡಗಳನ್ನ ನೋಡಿ ಅವರು ಮರದ ಕೆಳಗೆ ಕೂತ್ರೆ ಮಕ್ಕಳು ಉಳಿದಿದ್ದು ಓಡಾಡ್ಕೊಂಡ್ ಬರ್ತಾರೆ, ದೊಡ್ಡ ದೊಡ್ಡ ಓತಿಕ್ಯಾತಗಳು, ಅಂದ್ರೆ ಇಗ್ವಾನಾಗಳು, ಕಲ್ಲಿನ ಮೇಲೆ ಬಿಸಿಲು ಕಾಯಿಸ್ತಾ ಬಿದ್ದಿರ್ತವೆ, ಚಿಕ್ಕವನಿಗೋ ಚಿಕ್ಕವಳಿಗೋ ದೇವಸ್ಥಾನಕ್ಕಿಂತ ಅವೇ ಇಷ್ಟ ಆಗೋದು. ಜುಲೈಯಲ್ಲಿ ಸೊಳ್ಳೆ ಕಾಟ ವಿಪರೀತ, ಸೊಳ್ಳೆ ಕ್ರೀಮ್ ಹಚ್ಕೊಂಡೇ ಗಾಡಿ ಇಳೀರಿ. ಒಂದು ಗಂಟೆ, ಹೆಚ್ಚು ಅಂದ್ರೆ ಒಂದೂಕಾಲು ಗಂಟೆ ಸಾಕು.

ಅಲ್ಲಿಗೆ ಹೋದ ಟ್ಯಾಕ್ಸಿ ಬಿಟ್ಟು ಕಳಿಸ್ಬೇಡಿ, ಕಾಡಿನ ಮಧ್ಯೆ ವಾಪಸ್ ಟ್ಯಾಕ್ಸಿ ಕಾದು ನಿಂತಿರಲ್ಲ, ಕಾಯೋದಕ್ಕೂ ಸೇರಿಸೇ ಮಾತಾಡಿ. ಅಲ್ಲಿನ ಟ್ಯಾಕ್ಸೀಲಿ ಮೀಟರ್ ಇಲ್ಲ, ಯಾವ ಜಾಗಕ್ಕೆ ಎಷ್ಟು ಅಂತ ನಿಗದಿ ರೇಟು, ಕಟ್ಟೆ ಹತ್ರ ಬೋರ್ಡಲ್ಲಿ ಬರೆದಿರ್ತಾರೆ. ಆ ರೇಟು ನಾಲ್ಕು ಜನಕ್ಕೆ ಲೆಕ್ಕ, ನೀವು ಐದು, ಹಾಗಾಗಿ ವ್ಯಾನ್ ಕೇಳಿ. ಹತ್ತೋ ಮುಂಚೆ ಎರಡು ವಿಷಯ ಬಾಯಲ್ಲೇ ಖಚಿತ ಮಾಡ್ಕೊಳ್ಳಿ: ಈ ರೇಟು ಒಬ್ಬೊಬ್ಬರಿಗಾ ಎಲ್ರಿಗೂ ಸೇರಿಯಾ, ಡಾಲರ್ರಾ ಪೆಸೊನಾ. ಪೆಸೊಗೂ ಡಾಲರ್ ಚಿಹ್ನೆಯನ್ನೇ ಬರೀತಾರೆ, ಗೊತ್ತಿಲ್ಲದೋರು ಬೋರ್ಡು ನೋಡೇ ಹೌಹಾರ್ತಾರೆ. ಡಾಲರ್ ಎಲ್ಲಾ ಕಡೆ ತಗೊಳ್ತಾರೆ, ಆದ್ರೆ ಅವರ ಲೆಕ್ಕದಲ್ಲಿ ತಗೊಂಡು ಚಿಲ್ಲರೆ ಪೆಸೊದಲ್ಲಿ ಕೊಡ್ತಾರೆ, ಸಣ್ಣ ನೋಟು ಇಟ್ಕೊಂಡಿರಿ. ಎಟಿಎಮ್ಮಲ್ಲೋ ಕಾರ್ಡ್ ಮೆಷಿನ್ನಲ್ಲೋ ನಿಮ್ಮ ದೇಶದ ಹಣದಲ್ಲಿ ಹಾಕ್ಲಾ ಅಂತ ಕೇಳಿದ್ರೆ ಬೇಡ, ಪೆಸೊದಲ್ಲೇ ಹಾಕಿ ಅನ್ನಿ, ಇಲ್ಲಾಂದ್ರೆ ಜೇಬಿಗೆ ಕತ್ತರಿ.

ಯಾಕೆ ಕಾಡು ಮೊದಲು ಸಮುದ್ರ ಆಮೇಲೆ ಅಂದೆ ಅಂದ್ರೆ ಬಿಸಿಲಿನ ಲೆಕ್ಕ. ಕೊಜುಮೆಲ್ 20.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಜುಲೈ 20ರ ಆಸುಪಾಸಲ್ಲಿ ಮಧ್ಯಾಹ್ನ ಸೂರ್ಯ ಅಲ್ಲಿ ಸರಿಯಾಗಿ ನೆತ್ತಿ ಮೇಲೆ, ನಿಂತೋರ ನೆರಳು ಕಾಲ ಕೆಳಗೇ ಮುದುಡ್ಕೊಳ್ಳತ್ತೆ. ಆದ್ರೆ ಆ ಮಧ್ಯಾಹ್ನ 12ಕ್ಕಲ್ಲ. ದ್ವೀಪ ತನ್ನ ಟೈಮ್ ಜೋನಿನ ಪಶ್ಚಿಮ ಅಂಚಲ್ಲಿರೋದ್ರಿಂದ ಅಲ್ಲಿನ ಗಡಿಯಾರದಲ್ಲೇ ಸೂರ್ಯ ನೆತ್ತಿಗೆ ಬರೋದು 1ಕ್ಕೆ ಐದಾರು ನಿಮಿಷ ಇದ್ದಾಗ, ಹಡಗಿನ ಮಯಾಮಿ ಟೈಮಲ್ಲಿ ಅದು ಸುಮಾರು 2 ಗಂಟೆ. ಅಂದ್ರೆ ನಿಮ್ಮ ಕೈಗಡಿಯಾರದ ಪ್ರಕಾರ ಬೆಂಕಿ ಬಿಸಿಲು 12ರಿಂದ 4ರವರೆಗೆ, ಬೆಳಿಗ್ಗೆ 9 ಅನ್ನೋದು ಸೂರ್ಯನ ಲೆಕ್ಕದಲ್ಲಿ 7. ಇದು ಹಡಗು ಬೆಳಿಗ್ಗೆ ಬೇಗ ಬಂದೋರಿಗೆ ಸಿಗೋ ವರ. ತಿಂಡಿ ಬಫೆಯಲ್ಲಿ ಒಂಬತ್ತೂವರೆವರೆಗೆ ಕೂತು ಅದನ್ನ ಕಳ್ಕೊಳ್ಬೇಡಿ. ಆದ್ರೆ ತೀರಾ ಆತುರಾನೂ ಬೇಡ, ಹಡಗಿನ 8 ದ್ವೀಪದ 7, ಅಷ್ಟು ಬೇಗ ಹೋದ್ರೆ ಗೇಟೇ ತೆಗೆದಿರಲ್ಲ. 8.45ಕ್ಕೆ ಕಟ್ಟೆ ಬಿಡಿ, 9.15ರ ಸುಮಾರಿಗೆ ಸಾನ್ ಹೆರ್ವಾಸಿಯೋ, 10.30ಕ್ಕೆ ಅಲ್ಲಿಂದ ಹೊರಟ್ರೆ 11.10ರೊಳಗೆ ಚಾಂಕಾನಾಬ್.

ಚಾಂಕಾನಾಬ್ ಪಶ್ಚಿಮ ದಡದ ಪಾರ್ಕು, ಕಟ್ಟೆಗಳಿಂದ ಇನ್ನೂ ಸ್ವಲ್ಪ ದಕ್ಷಿಣಕ್ಕೆ. ಟಿಕೆಟ್ ಇದೆ. ನಿಮ್ಮಂಥ ಕುಟುಂಬಕ್ಕೆ ಇದನ್ನೇ ಹೇಳೋಕೆ ಕಾರಣ, ಒಂದೇ ಕಡೆ ಎಲ್ಲಾ ಇದೆ: ಕುರ್ಚಿ, ಪಲಾಪಾ ಅಂತಾರಲ್ಲ ಗರಿ ಹೊದಿಸಿದ ಛತ್ರಿ ಥರದ ನೆರಳು, ಲಾಕರ್, ಸ್ನಾನ, ಟಾಯ್ಲೆಟ್, ಊಟ, ಮತ್ತೆ ಮೆಟ್ಟಿಲು ಹಿಡ್ಕೊಂಡು ನೇರ ನೀರಿಗಿಳಿದ್ರೆ ಮೀನು. ಬೋಟ್ ಹತ್ತಬೇಕಿಲ್ಲ. ಅಮ್ಮ ನೆರಳಲ್ಲಿ ಕಾಲು ಚಾಚಿ ಕೂತು ಮೊಮ್ಮಕ್ಕಳ ತಲೆ ನೀರಲ್ಲಿ ಕಾಣೋ ದೂರದಲ್ಲೇ ಇರ್ತಾರೆ. ಡಾಲ್ಫಿನ್ ಜೊತೆ ಈಜಾಟ ಅಂತ ಯಾರಾದ್ರೂ ಮಾರೋಕೆ ಬಂದ್ರೆ, ನನಗೆ ಅದು ಹಿಡಿಸಲ್ಲ, ಪಕ್ಕದಲ್ಲೇ ಇಡೀ ಸಮುದ್ರ ಇಟ್ಕೊಂಡು ಕೂಡಿಹಾಕಿದ ಡಾಲ್ಫಿನ್ ನೋಡೋದು, ನಿಮ್ಮಿಷ್ಟ.

ಮೀನು ನೋಡೋದರ ಬಗ್ಗೆ. ಕೊಜುಮೆಲ್ ಹವಳದ ದಿಬ್ಬ ಸುಮ್ನೆ ಹೆಸರು ಮಾಡಿದ್ದಲ್ಲ, ಮೆಕ್ಸಿಕೋದ ಯುಕಾತಾನ್‌ನಿಂದ ಹೊಂಡುರಾಸ್‌ವರೆಗೆ ಸುಮಾರು ಸಾವಿರ ಕಿಲೋಮೀಟರ್ ಹಬ್ಬಿರೋ ಮೀಸೊಅಮೆರಿಕನ್ ದಿಬ್ಬದ ಭಾಗ ಅದು, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಿಟ್ರೆ ಜಗತ್ತಲ್ಲಿ ಅದೇ ದೊಡ್ಡದು. 1996ರಿಂದ ಇಲ್ಲಿನ ದಿಬ್ಬಗಳು ರಾಷ್ಟ್ರೀಯ ಉದ್ಯಾನ. ನೀರು ಎಷ್ಟು ತಿಳಿ ಅಂದ್ರೆ ಒಳ್ಳೇ ದಿನ 30 ಮೀಟರ್ ದೂರದ್ದೂ ಕಾಣತ್ತೆ. ಪಾಲಾಂಕಾರ್, ಕೊಲಂಬಿಯಾ ಅನ್ನೋ ಪ್ರಸಿದ್ಧ ದಿಬ್ಬಗಳು ಬೋಟಲ್ಲೇ ಹೋಗ್ಬೇಕಾದೋವು, ನಿಮಗೆ ಈ ಸಲ ದಡದ ಹತ್ರದ್ದೇ ಸಾಕು.

ಅಲ್ಲಿ ಒಂದೇ ಹುಷಾರು, ನೀರಿನ ಹರಿವು. ಮೇಲೆ ನೋಡೋಕೆ ಕೆರೆ, ಒಳಗೆ ನದಿ ಥರ ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಹರೀತಿರತ್ತೆ. ಮಾಸ್ಕ್ ಹಾಕಿ ಮೀನು ನೋಡ್ತಾ ಹತ್ತು ನಿಮಿಷ ತೇಲಿದ್ರೆ ತಲೆ ಎತ್ತೋ ಹೊತ್ತಿಗೆ ಇಳಿದ ಮೆಟ್ಟಿಲು ಎಲ್ಲೋ ಹಿಂದೆ. ಅದಕ್ಕೇ ದಕ್ಷಿಣದ ಕಡೆಯ ಮೆಟ್ಟಿಲಲ್ಲಿ ಇಳಿದು ಉತ್ತರದ ಮೆಟ್ಟಿಲಲ್ಲಿ ಹತ್ತಿ, ಹರಿವಿನ ಎದುರು ಈಜೋ ಪ್ರಯತ್ನಾನೇ ಬೇಡ. ಇಳಿಯೋ ಮುಂಚೆ ಅಲ್ಲಿನ ಲೈಫ್‌ಗಾರ್ಡ್ ಹತ್ರ ಇವತ್ತು ಹರಿವು ಯಾವ ಕಡೆ ಅಂತ ಕೇಳಿ. ಲೈಫ್ ಜಾಕೆಟ್ ಎಲ್ರಿಗೂ, ಈಜು ಬರೋರಿಗೂ. 6 ವರ್ಷದ ಮಗುಗೆ ಮಾಸ್ಕ್ ನೀವೇ ಕೊಂಡ್ ಹೋಗಿ, ಮನೆ ಬಕೆಟ್ಟಲ್ಲೋ ಟಬ್ಬಲ್ಲೋ ನಾಲ್ಕು ದಿನ ಅಭ್ಯಾಸ ಮಾಡಿಸಿ, ಬಾಡಿಗೆಗೆ ಕೊಡೋ ಮಾಸ್ಕು ಸಣ್ಣ ಮುಖಕ್ಕೆ ಕೂರಲ್ಲ, ನೀರು ನುಗ್ಗತ್ತೆ, ಮಗು ಅಳತ್ತೆ, ಅಲ್ಲಿಗೆ ಮೀನು ಮುಗೀತು. ದಡ ಚೂಪು ಸುಣ್ಣಕಲ್ಲು, ನೀರಲ್ಲಿ ಹಾಕೋ ರಬ್ಬರ್ ಶೂ ಬೇಕೇ ಬೇಕು. ಹವಳದ ಮೇಲೆ ಕಾಲಿಡೋದು, ಕೈಯಿಂದ ಮುಟ್ಟೋದು ಬೇಡ, ಅದಕ್ಕೂ ಪೆಟ್ಟು, ಬೆಂಕಿ ಹವಳ ಅನ್ನೋದೊಂದಿದೆ, ತಗುಲಿದ್ರೆ ನಿಮಗೂ ಉರಿ.

ದೊಡ್ಡ ಮಗುಗೆ 11 ಅಂದ್ರಿ. ಸ್ಕೂಬಾ ಕಲಿಯದೇ ಇರೋರನ್ನ ಒಬ್ಬ ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇಟ್ಕೊಂಡು 12 ಮೀಟರ್ ಮೀರದ ಆಳಕ್ಕೆ ಕರ್ಕೊಂಡ್ ಹೋಗೋ ಪರಿಚಯ ಡೈವ್‌ಗೆ 10 ವರ್ಷ ಆಗಿದ್ರೆ ಸಾಕು. ಆಸೆ ಇದ್ರೆ ಅಪ್ಪ ಮಗು ಇಬ್ಬರೂ ಮಾಡ್ಬಹುದು, ಆದ್ರೆ ಆರೋಗ್ಯದ ಫಾರ್ಮ್ ಒಂದು ತುಂಬಿಸ್ಕೊಳ್ತಾರೆ, ಆಸ್ತಮಾ ಗೀಸ್ತಮಾ ಇದ್ರೆ ಅಲ್ಲಿ ಹೋಗಿ ಡಾಕ್ಟರ್ ಚೀಟಿ ತನ್ನಿ ಅಂದ್ರೆ ಇಲ್ಲ, ಮೊದಲೇ ಆ ಫಾರ್ಮ್ ತರಿಸ್ಕೊಂಡು ನೋಡಿ. ಶೀತ ಕಿವಿನೋವು ಇದ್ರಂತೂ ಇಳಿಯೋದೇ ಬೇಡ.

ಸನ್‌ಸ್ಕ್ರೀನ್ ವಿಷಯಕ್ಕೆ ಜನ ಜಗಳ ಮಾಡ್ತಾರೆ. ಆಕ್ಸಿಬೆನ್ಜೋನ್ ಅನ್ನೋ ರಾಸಾಯನಿಕ ಇರೋವು ಹವಳಕ್ಕೆ ಹಾನಿ ಅಂತ ಹವಾಯಿ ರಾಜ್ಯ 2021ರಿಂದ ಅಂಥವನ್ನ ಮಾರೋದನ್ನೇ ನಿಲ್ಲಿಸ್ತು, ಕೊಜುಮೆಲ್‌ನಲ್ಲೂ ಬೋಟಿನೋರು, ಪಾರ್ಕಿನೋರು ಹಚ್ಕೊಂಡು ನೀರಿಗಿಳೀಬೇಡಿ ಅಂತಾರೆ. ಸುಲಭ ದಾರಿ, ಎಲ್ರಿಗೂ ಉದ್ದ ತೋಳಿನ ಈಜು ಟೀಶರ್ಟು. ಮೀನು ನೋಡುವಾಗ ಬೆನ್ನು ಮೇಲೇ ಇರೋದು, ಸುಡೋದು ಬೆನ್ನು, ಮಂಡಿ ಹಿಂಭಾಗ, ಕಿವಿ. ನೀರು ತಣ್ಣಗಿರತ್ತಲ್ಲ, ಸುಟ್ಟಿದ್ದು ರಾತ್ರಿ ಮಲಗೋಕೆ ಹೋದಾಗಲೇ ಗೊತ್ತಾಗೋದು.

ಹಡಗಿನ ಟೈಮು 1ಕ್ಕೆ ನೀರಿಂದ ಎದ್ದು ನೆರಳಲ್ಲಿ ಊಟ. ಸಸ್ಯಾಹಾರಿಗಳು ಅಂದ್ರಿ, ಇಲ್ಲಿ ಸ್ವಲ್ಪ ಗಮನ. ಬೀನ್ಸ್ ಪೇಸ್ಟ್ ಥರ ಕೊಡ್ತಾರಲ್ಲ ಫ್ರಿಹೋಲೆಸ್, ಅದನ್ನ ಸಾಂಪ್ರದಾಯಿಕವಾಗಿ ಹಂದಿ ಕೊಬ್ಬಲ್ಲಿ ಹುರೀತಾರೆ. ಅನ್ನಾನೂ ಎಷ್ಟೋ ಕಡೆ ಕೋಳಿ ರಸದಲ್ಲಿ ಬೇಯಿಸಿರ್ತಾರೆ. ಸಿನ್ ಕಾರ್ನೆ ಅಂದ್ರೆ ಮಾಂಸ ಇಲ್ಲದ್ದು, ಆದ್ರೆ ಅವರಿಗೆ ಕಾರ್ನೆ ಅಂದ್ರೆ ದನ ಹಂದಿ, ಕೋಳಿ ಮೀನು ಲೆಕ್ಕಕ್ಕಿಲ್ಲ. ಅದಕ್ಕೆ ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೇಕಾ ಅಂತ ನಾಲ್ಕನ್ನೂ ಸ್ಪ್ಯಾನಿಷ್‌ನಲ್ಲಿ ಒಂದು ಚೀಟೀಲಿ ಬರ್ಕೊಂಡು ತೋರಿಸಿ, ಮಾಂತೇಕಾ ಅಂದ್ರೆ ಆ ಕೊಬ್ಬು. ಚೀಸ್ ಕೆಸಡಿಯಾ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಜೋಳದ ಚಿಪ್ಸ್, ಬರೀ ತರಕಾರಿ ಹಾಕಿದ ಫಹಿತಾ, ಇಷ್ಟು ಸಿಕ್ಕೇ ಸಿಗತ್ತೆ. ಮೇಜಿನ ಮೇಲೆ ಇಡೋ ಅಬನೇರೊ ಮೆಣಸಿನ ಚಟ್ನಿ ಮಾತ್ರ, ಎಷ್ಟೇ ಖಾರ ತಿನ್ನೋರಾದ್ರೂ ಮೊದಲು ಚಮಚದ ತುದೀಲಿ ನೋಡಿ. ಹಡಗಿಂದ ಪ್ಯಾಕೆಟ್ ತಿಂಡಿ ಒಯ್ಯಬಹುದು, ಬಫೆಯ ಹಣ್ಣು ಇಳಿಸೋ ಹಾಗಿಲ್ಲ. ನಲ್ಲಿ ನೀರು ಕುಡೀಬೇಡಿ, ಬಾಟಲಿ.

ಕಟ್ಟೆಯ ಅಂಗಡಿ ಸಾಲಿನ ಬಗ್ಗೆ ಹೆಚ್ಚು ಬರೆಯಲ್ಲ. ಹಡಗಲ್ಲಿ ಶಾಪಿಂಗ್ ಮಾಹಿತಿ ಅಂತ ಒಂದು ಭಾಷಣ ಇರತ್ತೆ, ನಕ್ಷೆ ಕೊಡ್ತಾರೆ, ಅದು ಜಾಹೀರಾತು, ಅದರಲ್ಲಿರೋ ಅಂಗಡಿಗಳು ದುಡ್ಡು ಕೊಟ್ಟು ಹೆಸರು ಹಾಕಿಸಿರ್ತವೆ, ನಾನೇ ಆ ನಕ್ಷೆ ಹಂಚಿದೀನಿ. ಕಪ್ಪು ಹವಳದ ಒಡವೆ ತೋರಿಸಿದ್ರೆ ಬೇಡ ಅನ್ನಿ, ಅದು ಅಪಾಯದಲ್ಲಿರೋ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟೀಲಿರೋ ಜೀವಿ, ಪರ್ಮಿಟ್ ಪತ್ರ ಇಲ್ಲದೆ ಮಯಾಮಿ ಕಸ್ಟಮ್ಸಲ್ಲಿ ಸಿಕ್ರೆ ಒಡವೇನೂ ಹೋಯ್ತು ದುಡ್ಡೂ ಹೋಯ್ತು. ಮಕ್ಕಳು ಜೇಬಲ್ಲಿ ಹವಳದ ತುಂಡು ತುಂಬ್ಕೊಂಡಿದಾರಾ ಅಂತಾನೂ ನೋಡಿ.

ವಾಪಸ್ ಹೊರಡೋದು ಕೈಗಡಿಯಾರದಲ್ಲಿ 2.45ಕ್ಕೆ. ಬೇಗ ಆಯ್ತಲ್ಲ ಅಂತೀರಿ. ಆರು ಹಡಗಿನ ಜನ ಒಂದೇ ಹೊತ್ತಿಗೆ ಟ್ಯಾಕ್ಸಿ ಹುಡುಕ್ತಾರೆ, ಐದು ಜನಕ್ಕೆ ವ್ಯಾನ್ ಸಿಗೋದು ತಡ, ಗೇಟಿಂದ ಹಡಗಿನವರೆಗೆ ಕಟ್ಟೆ ಮೇಲೆ ಬಿಸಿಲಲ್ಲಿ ಹತ್ತು ಹದಿನೈದು ನಿಮಿಷ ನಡೀಬೇಕು, ಆ ನಡಿಗೆಯನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಹತ್ತೋ ಕಡೆ ಸೆಕ್ಯುರಿಟಿ ಸ್ಕ್ಯಾನ್ ಸಾಲು ಬೇರೆ. ಜುಲೈ ಮಧ್ಯಾಹ್ನ ಗುಡುಗುಮಳೆ ಬಂದ್ರೆ ಎಲ್ಲಾ ಇನ್ನೂ ನಿಧಾನ. ಮೂರೂವರೆಗೆ ಒಳಗಿದ್ರೆ ಮಕ್ಕಳಿಗೆ ಈಜುಕೊಳ ಖಾಲಿ ಸಿಗತ್ತೆ, ಆ ಹೊತ್ತಲ್ಲಿ ಇಡೀ ಹಡಗಲ್ಲಿ ಅದೊಂದೇ ಗಲಾಟೆ ಇಲ್ಲದ ಜಾಗ.

ಹಾಗೂ ತಪ್ಪಿಹೋದ್ರೆ ಏನು ಅಂತ ಕೇಳಿದ್ರಿ. ಹಡಗಿನ ದಿನಚರಿ ಹಾಳೇಲಿ ಬಂದರು ಏಜೆಂಟ್ ಫೋನ್ ನಂಬರ್ ಹಾಕಿರ್ತಾರೆ, ಇಳಿಯೋ ಮುಂಚೆ ಅದರ ಫೋಟೋ ತಗೊಳ್ಳಿ, ಅವರೇ ನಿಮಗೆ ಮುಂದಿನ ದಾರಿ ಹೇಳೋರು, ಖರ್ಚು ಮಾತ್ರ ನಿಮ್ಮದೇ. ಹಡಗಿನ ಕಾರ್ಡು, ಫೋಟೋ ಇರೋ ಒಂದು ಗುರುತಿನ ಚೀಟಿ, ಪಾಸ್‌ಪೋರ್ಟ್ ಮತ್ತೆ ವೀಸಾ ಪುಟದ ಜೆರಾಕ್ಸು, ಒಂದು ಕ್ರೆಡಿಟ್ ಕಾರ್ಡು, ಅಮ್ಮನ ಒಂದು ದಿನದ ಹೆಚ್ಚುವರಿ ಮಾತ್ರೆ, ಇವಿಷ್ಟು ಕೈಚೀಲದಲ್ಲಿ. ಪಾಸ್‌ಪೋರ್ಟು ರೂಮಿನ ಲಾಕರಲ್ಲೇ ಇರ್ಲಿ, ತಪ್ಪಿದ್ರೆ ಅವರು ತೆಗೆದು ಕೊಡ್ತಾರೆ ಅಂತ ಮೇಲೆ ಹೇಳಿದ್ನಲ್ಲ. ಅಂದ ಹಾಗೆ ನೀವು ಭಾರತದ ಪಾಸ್‌ಪೋರ್ಟಲ್ಲಿ ಹೋಗೋರಾದ್ರೆ, ಚಾಲ್ತಿಯಲ್ಲಿರೋ ಅಮೆರಿಕ ವೀಸಾ ಇದ್ದೋರಿಗೆ ಮೆಕ್ಸಿಕೋ ಪ್ರತ್ಯೇಕ ವೀಸಾ ಕೇಳಲ್ಲ, ಆದ್ರೆ ಆ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿಯೇ ಅಂತ ಇವತ್ತೇ ತೆಗೆದು ನೋಡಿ, ಮಯಾಮಿಗೆ ವಾಪಸ್ ಬರೋದು ಮತ್ತೊಂದು ಎಂಟ್ರಿ ಆಗತ್ತೆ.

ಕೊನೇ ಮಾತು ಜುಲೈ ಬಗ್ಗೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. 2005ರ ಅಕ್ಟೋಬರಿನಲ್ಲಿ ವಿಲ್ಮಾ ಚಂಡಮಾರುತ ಬಡಿದಾಗ ಈ ಕಟ್ಟೆಗಳೇ ಮುರಿದು ಹೋಗಿದ್ವು. ಜುಲೈಯಲ್ಲಿ ಅಷ್ಟು ಜೋರಾಗಿ ಬರೋದು ಅಪರೂಪ, ಆದ್ರೂ ಹವಾಮಾನ ನೋಡಿ ಕ್ಯಾಪ್ಟನ್ ಕೊಜುಮೆಲ್ ಬಿಟ್ಟು ಬೇರೆ ಕಡೆ ತಿರುಗಿಸಬಹುದು, ಆ ಹಕ್ಕು ಟಿಕೆಟ್ಟಿನ ಷರತ್ತಲ್ಲೇ ಇರತ್ತೆ. ಹಾಗಾದ್ರೆ ಹಡಗಿನವರ ಟೂರಿನ ದುಡ್ಡು ವಾಪಸ್ ಬರತ್ತೆ, ನೀವೇ ಬುಕ್ ಮಾಡಿದ್ದಕ್ಕೆ ನೀವೇ ಕೇಳ್ಬೇಕು. ಪರಿಚಯ ಡೈವ್ ಮುಂಚೆ ಬುಕ್ ಮಾಡೋದಾದ್ರೆ ಹಡಗು ಬರದೇ ಹೋದ್ರೆ ಪೂರ್ತಿ ವಾಪಸ್ ಅಂತ ಬರೆದು ಕೊಡೋರ ಹತ್ರ ಮಾತ್ರ ಮಾಡಿ. ಟ್ಯಾಕ್ಸಿ, ಸಾನ್ ಹೆರ್ವಾಸಿಯೋ, ಚಾಂಕಾನಾಬ್ ಮೂರಕ್ಕೂ ಮುಂಗಡ ಏನೂ ಬೇಕಿಲ್ಲ, ಇಳಿದ ಮೇಲೆ ಕೊಟ್ರೆ ಆಯ್ತು. ಅಮ್ಮನಿಗೆ ಕಟ್ಟೆಯ ಉದ್ದ ನಡಿಗೆ ಕಷ್ಟ ಅನ್ಸಿದ್ರೆ ಹಿಂದಿನ ದಿನವೇ ಹಡಗಿನ ಕೌಂಟರಲ್ಲಿ ಗಾಲಿಕುರ್ಚಿ ಸಹಾಯ ಸಿಗತ್ತಾ ಅಂತ ವಿಚಾರಿಸಿ, ಬೆಳಿಗ್ಗೆ ಸಾಲಲ್ಲಿ ನಿಂತು ಕೇಳಿದ್ರೆ ಯಾರ ಕೈಗೂ ಸಿಗಲ್ಲ.